ಎರಡನೇ ವರ್ಷದ ಹೆಜ್ಜೆಗಳು

ಗುರು ಎಂದರೆ ಎದೆಯುದ್ದ ಗಡ್ಡ ಇರಬೇಕು, ಮರದ ಕೆಳಗೆ ಕಣ್ಣು ಮುಚ್ಚಿ ಕೂತಿರಬೇಕು ಅಂತ ನಾವೆಲ್ಲ ಅಂದುಕೊಂಡಿರುತ್ತೇವೆ. ಜವರಪ್ಪ ಮೇಷ್ಟ್ರಿಗೆ ಗಡ್ಡ ಇರಲಿಲ್ಲ. ಕೊರಳಲ್ಲಿ ಒಂದು ಸೀಟಿ ಇತ್ತು.

ಹೊಳೆದಂಡೆಯಲ್ಲಿ ಒಂದು ಹೆಂಚಿನ ಕೊಠಡಿ. ಅದರ ಮುಂದೆ ಮಣ್ಣಿನ ಬ್ಯಾಸ್ಕೆಟ್‌ಬಾಲ್ ಕೋರ್ಟು, ಎರಡು ಕಂಬ, ಕುಲುಮೆಯಲ್ಲಿ ಬಡಿಸಿದ ಎರಡು ರಿಂಗು. ಪಕ್ಕದಲ್ಲಿ ಹೊಂಗೆಮರ, ಮರದ ಕೆಳಗೆ ಒಂದು ಕಲ್ಲುಬೆಂಚು. ಆಶ್ರಮ ಅಂದರೂ ಅಷ್ಟೇ, ಶಾಲೆ ಅಂದರೂ ಅಷ್ಟೇ. ಡ್ರಿಲ್ ಮೇಷ್ಟ್ರಾಗಿದ್ದಾಗ ಕಟ್ಟಿಕೊಂಡ ಕೋರ್ಟು ಅದು. ರಿಟೈರ್ ಆದ ಮೇಲೆ ಅಲ್ಲೇ ಉಳಿದುಬಿಟ್ಟರು. ಸುತ್ತಲಿನ ಊರುಗಳ ಹತ್ತು ಹನ್ನೆರಡು ಮಕ್ಕಳು ಬಂದು ಆಡಿ ಹೋಗುತ್ತಿದ್ದರು.

ಒಂದು ಮಧ್ಯಾಹ್ನ ತೆಪ್ಪದಿಂದ ಕೆಂಪರಾಜು ಇಳಿದ. ವಯಸ್ಸು ನಲವತ್ತಾರು. ಮೇಷ್ಟ್ರ ಹಳೇ ಶಿಷ್ಯ, ಈಗ ಪಟ್ಟಣದ ಕ್ರೀಡಾ ಹಾಸ್ಟೆಲ್ಲಿನಲ್ಲಿ ಹದಿನೆಂಟು ವರ್ಷದಿಂದ ಕೋಚು. ಕಂಕುಳಲ್ಲಿ ಒಂದು ಉದ್ದನೆಯ ನೋಟ್‌ಬುಕ್ಕು.

ಅವನ ಹಿಂದೆ ಇನ್ನೊಬ್ಬ ಇಳಿದ. ಇಳಿದ ಅನ್ನುವುದಕ್ಕಿಂತ, ತೆಪ್ಪ ದಡ ಮುಟ್ಟುವ ಮೊದಲೇ ಹಾರಿದ. ಹತ್ತೊಂಬತ್ತು ವರ್ಷ, ಆರಡಿ ಮೂರಂಗುಲ. ಹೆಸರು ಲೋಹಿತ.

ಲೋಹಿತನನ್ನು ಕೋರ್ಟಿನ ಕಡೆ ಕಳಿಸಿ ಕೆಂಪರಾಜು ಜಗಲಿಗೆ ಬಂದ. ಮೇಷ್ಟ್ರು ಗೋಡೆಗೆ ಒರಗಿ ಕೂತಿದ್ದರು. ಎರಡೂ ಕಣ್ಣಿಗೆ ಪೊರೆ ಬಂದು ಎದುರಿಗಿದ್ದವರು ಬರೀ ನೆರಳಾಗಿ ಕಾಣುತ್ತಿದ್ದರು.

"ಯಾರ್ಲಾ ಅದು?"

"ನಾನು ಮೇಷ್ಟ್ರೇ, ಕೆಂಪರಾಜು."

"ಕೆಂಪನಾ? ಬಾ, ಕುತ್ಕೋ. ಹೆಜ್ಜೆ ಎಳ್ಕಂಡು ಬತ್ತಾ ಇದ್ದೆಯಲ್ಲ, ಯಾರೋ ನನ್ನ ವಾರಿಗೆಯೋರು ಅಂದ್ಕಂಡೆ."

"ಹೆಚ್ಚುಕಮ್ಮಿ ಹಾಗೇ ಆಗಿದೆ ಮೇಷ್ಟ್ರೇ."

"ಇನ್ನೊಂದು ಹೆಜ್ಜೆ ಎಗರ್ಕಂಡು ಹೋಯ್ತಲ್ಲ, ಅದ್ಯಾರ್ದು?"

"ಅವನ ವಿಷಯಕ್ಕೇ ಬಂದೆ."

ಕೆಂಪರಾಜು ಚಪ್ಪಲಿ ಬಿಟ್ಟು ಕೂತು ಹೇಳತೊಡಗಿದ.

ಲೋಹಿತ ಹಾಸ್ಟೆಲ್ಲಿಗೆ ಬಂದು ಎರಡನೇ ವರ್ಷ. ಮೊದಲನೇ ವರ್ಷ ಅವನನ್ನು ಹಿಡಿಯುವವರೇ ಇರಲಿಲ್ಲ. ಬಲಗಡೆಯಿಂದ ನುಗ್ಗಿದನೆಂದರೆ ಮೂರು ಜನ ಅಡ್ಡ ಬಂದರೂ ರಿಂಗು ತಲುಪುತ್ತಿದ್ದ. ಬರೀ ಹೆಸರಿಗೆ ಇದ್ದ ಹಾಸ್ಟೆಲ್ ಟೀಮು ರಾಜ್ಯ ಫೈನಲ್ ಆಡಿತು. ಪೇಪರಿನಲ್ಲಿ ಅವನ ಫೋಟೋ ಬಂತು. ಬಿಸಿಯೂಟ ಬಡಿಸುವ ಅವನ ತಾಯಿ ಆ ಪೇಪರನ್ನು ಶಾಲೆಯ ಅಡಿಗೆಮನೆಯ ಗೋಡೆಗೆ ಅಂಟಿಸಿದ್ದಳು.

ಈ ವರ್ಷ ಎಲ್ಲರಿಗೂ ಅವನು ಗೊತ್ತಾಗಿಹೋಗಿದ್ದ. ಎದುರಾಳಿಗಳು ಬಲಗಡೆ ಮುಚ್ಚಿ ನಿಂತರು. ಎಡಗಡೆ ಅವನಿಗೆ ಬರುತ್ತಿರಲಿಲ್ಲ. ಅವಸರಕ್ಕೆ ಬಿದ್ದು ದೂರದಿಂದಲೇ ಎಸೆದ, ತಪ್ಪಿದ. ಚೆಂಡು ಕಳೆದುಕೊಂಡು ಅಲ್ಲೇ ನಿಂತ. ಒಮ್ಮೆ ರೆಫ್ರಿಯ ಜೊತೆ ಜಗಳಕ್ಕೂ ಹೋದ. ಹಾಸ್ಟೆಲ್ ಕಮಿಟಿಯವರು ಕೆಂಪರಾಜುವಿಗೆ ಒಂದು ಕಾಗದ ಕಳಿಸಿದರು. ಹುಡುಗನ ಬಲ, ದೌರ್ಬಲ್ಯ ಬರೆದು ಸೋಮವಾರದ ಒಳಗೆ ಕೊಡಿ, ಮೂರನೇ ವರ್ಷ ಇಟ್ಟುಕೊಳ್ಳಬೇಕೋ ಬೇಡವೋ ತೀರ್ಮಾನ ಮಾಡುತ್ತೇವೆ ಅಂತ.

"ಬ್ಯಾಡ ಅಂದ್ರೆ ಏನ್ಮಾಡ್ತಾನೆ?" ಮೇಷ್ಟ್ರು ಕೇಳಿದರು.

"ಊರಿಗೆ ಹೋಗ್ತಾನೆ. ಅಪ್ಪನ ಟೆಂಪೋದಲ್ಲಿ ಕ್ಲೀನರ್ ಆಗ್ತಾನೆ. ಊರಲ್ಲಿ ಒಂದು ರಿಂಗೂ ಇಲ್ಲ ಮೇಷ್ಟ್ರೇ, ಅಲ್ಲಿಗೆ ಅವನ ಆಟ ಮುಗೀತು."

"ಕಮಿಟಿಯೋರು ನೀನ್ ಬರ್ದಂಗೆ ಕೇಳ್ತಾರಾ?"

"ಹದಿನೆಂಟು ವರ್ಷದಲ್ಲಿ ಒಂದು ಸಲಾನೂ ನಾನು ಬರೆದಿದ್ದನ್ನ ತಿದ್ದಿಲ್ಲ. ರುಜು ಹಾಕಿ ಕಳಿಸ್ತಾರೆ."

"ಹಂಗಾದ್ರೆ ನನ್ನತ್ರ ಯಾಕ್ ಬಂದೆ?"

ಕೆಂಪರಾಜು ನೋಟ್‌ಬುಕ್ಕನ್ನು ತೊಡೆಯ ಮೇಲೆ ಇಟ್ಟುಕೊಂಡ. ಅವನಿಗೆ ನಿಜ ಹೇಳಿಬಿಡೋಣ ಅನ್ನಿಸಿತು.

"ಸಾಕಾಗಿದೆ ಮೇಷ್ಟ್ರೇ. ಮಕ್ಕಳನ್ನ ಈ ಕಡೆ ಆ ಕಡೆ ಅಂತ ಎರಡು ಕಾಲಮ್ಮಿಗೆ ಹಂಚಿ ಹಂಚಿ ಸಾಕಾಗಿದೆ. ಹುಡುಗ ಒಳ್ಳೆಯವನಾ ಕೆಟ್ಟವನಾ ಅಂತ ನಂಗೇ ಈಗ ತಿಳೀತಿಲ್ಲ. ಈ ಸಲ ನೀವು ಹೇಳಿ. ಇರಲಿ ಅಂದ್ರೆ ಇರಲಿ ಅಂತ ಬರೀತೀನಿ."

"ಬಲ ಎಷ್ಟು ಬರ್ದಿದ್ದೀಯ?"

"ನಾಲ್ಕು."

"ಇನ್ನೊಂದು ಕಡೆ?"

ಕೆಂಪರಾಜು ಎಣಿಸಬೇಕಾಯಿತು. "ಇಪ್ಪತ್ತಮೂರು."

"ಓಹೋ, ಚೆನ್ನಾಗೇ ದುಡ್ದಿದ್ದೀಯ."

"ಓದಲಾ?"

"ಬ್ಯಾಡ. ಬಿಸಿಲು ಇಳೀಲಿ, ಆಡ್ಲಿ. ಹೊಟ್ಟೆಗೇನಾದ್ರೂ ತಿಂದ್ರಾ ಇಬ್ರೂ?"

ಬಿಸಿಲು ಇಳಿಯುವ ಹೊತ್ತಿಗೆ ಮಕ್ಕಳು ಬಂದರು. ಹೊಳೆಯಿಂದ ಕೊಡಗಳಲ್ಲಿ ನೀರು ತಂದು ಕೋರ್ಟಿಗೆಲ್ಲ ಚಿಮುಕಿಸಿದರು, ಗುಡಿಸಿದರು. ಆ ಪದ್ಧತಿ ಕೆಂಪರಾಜುವಿನ ಕಾಲದಲ್ಲೂ ಇತ್ತು. ನೀರು ಬಿದ್ದ ಮಣ್ಣು ಧೂಳೆಬ್ಬಿಸುವುದಿಲ್ಲ, ಚೆಂಡು ನೆಟ್ಟಗೆ ಪುಟಿಯುತ್ತದೆ.

ಮೂರು ಮೂರು ಜನ ಎರಡು ಕಡೆ ನಿಂತರು. ಊರಿನ ಮಕ್ಕಳದೆಲ್ಲ ಬರಿಗಾಲು. ಲೋಹಿತ ಹಾಸ್ಟೆಲ್ಲಿನ ಬೂಟು ಬಿಚ್ಚಲು ಹೋದ.

"ಇರ್ಲಿ, ಹಾಕ್ಕಂಡೇ ಆಡು ಮಗ," ಅಂದರು ಮೇಷ್ಟ್ರು.

ಕೆಂಪರಾಜು ನೋಟ್‌ಬುಕ್ಕು ತೆಗೆದುಕೊಂಡು ಹೊಂಗೆಮರದ ಕೆಳಗಿನ ಕಲ್ಲುಬೆಂಚಿನ ಮೇಲೆ ಕೂತ.

ಆ ಬೆಂಚು ಅವನಿಗೆ ಚೆನ್ನಾಗಿ ಗೊತ್ತು. ಅವನಿಗೆ ಇಪ್ಪತ್ತು ವರ್ಷವಾಗಿದ್ದಾಗ ಅಲ್ಲಿ ಮೇಷ್ಟ್ರು ಕೂರುತ್ತಿದ್ದರು. ಆಗ ಅವರ ಕಣ್ಣು ಹದ್ದಿನ ಕಣ್ಣು, ಕೈಯಲ್ಲಿ ಆಟ ನೋಡಿ ಬರೆಯುವ ಒಂದು ಪುಸ್ತಕ ಇರುತ್ತಿತ್ತು. ಕೆಂಪರಾಜು ಆಗ ಈ ಸೀಮೆಗೇ ಹೆಸರಾದ ಆಟಗಾರ. ಅವನಿಗೂ ಇಲ್ಲಿ ಬಂದು ಉಳಿದ ಎರಡನೇ ವರ್ಷವೇ ಆಟ ಕೈಕೊಟ್ಟಿದ್ದು. ಒಂದು ಬೆಳಗ್ಗೆ ಟ್ರಂಕು ಎತ್ತಿಕೊಂಡು, ಹೇಳದೆ ಕೇಳದೆ, ಹೊಳೆ ದಾಟಿ ಹೋದ. ಆಮೇಲೆ ಆಡಲೇ ಇಲ್ಲ. ಆಟ ಬಿಟ್ಟವರು ಆಟ ಕಲಿಸುವವರಾಗುವುದು ಹೊಸದೇನಲ್ಲ, ಅವನೂ ಕೋಚಾದ. ಎಷ್ಟೋ ವರ್ಷದ ಮೇಲೆ ಬಂದು ಮೇಷ್ಟ್ರ ಕಾಲಿಗೆ ಬಿದ್ದ. ಆ ಬೆಳಗ್ಗೆಯ ಮಾತನ್ನು ಅವರೂ ಎತ್ತಲಿಲ್ಲ, ಇವನೂ ಎತ್ತಲಿಲ್ಲ.

ಆಟ ಮುಕ್ಕಾಲು ಗಂಟೆ ನಡೆಯಿತು. ಲೋಹಿತ ಬಲಗಡೆ ನುಗ್ಗಿದ. ಬರಿಗಾಲಿನ ಮಕ್ಕಳು ಎರಡು ಸಲ ಬಿಟ್ಟರು, ಮೂರನೇ ಸಲ ಅವರಿಗೂ ಗೊತ್ತಾಯಿತು. ಆಮೇಲೆ ಅವನು ಎಸೆದದ್ದು ತಪ್ಪಿತು, ಕೊಟ್ಟ ಪಾಸು ಹೊಳೆಗೆ ಬಿತ್ತು. ಕೆಂಪರಾಜು ಬರೆಯುತ್ತಲೇ ಇದ್ದ. ಇಪ್ಪತ್ತಮೂರು ಇಪ್ಪತ್ತಾರಾಯಿತು.

ಆಟ ಮುಗಿದು ಮಕ್ಕಳು ಗೆರೆಯ ಆಚೆ ಹೋಗಿ ನಿಂತರು. ಕೆಂಪರಾಜು ಚೆಂಡು ತರಲು ಕೋರ್ಟಿಗೆ ಇಳಿಯಹೊರಟ.

"ಕಾಲಿಕ್ಕಬ್ಯಾಡ ಕಣ್ಲಾ!" ಮೇಷ್ಟ್ರು ಜಗಲಿಯಿಂದಲೇ ಕೂಗಿದರು.

"ಯಾಕೆ ಮೇಷ್ಟ್ರೇ?"

"ಆಟ ಆದ್ಮೇಲೆ ನೆಲ ಓದೋವರ್ಗೂ ಯಾರೂ ತುಳಿಯಂಗಿಲ್ಲ."

"ನಾನಿದ್ದಾಗ ಇದು ಇರಲಿಲ್ಲ."

"ಇರ್ನಿಲ್ಲ. ನೀನ್ ಹೋದ್ಮೇಲೆ ಸುರು ಮಾಡ್ದೆ."

ಮೇಷ್ಟ್ರು ಕೋಲೂರಿಕೊಂಡು ಬಂದು ಗೆರೆಯ ಹತ್ತಿರ ಕುಕ್ಕರುಗಾಲಲ್ಲಿ ಕೂತರು. "ಮೊದ್ಲು ನಾನೇ ಓದ್ತಿದ್ದೆ. ಈಗ ಕಣ್ಣಿಲ್ಲ, ಮಕ್ಳು ಓದಿ ಹೇಳ್ತವೆ. ಇವತ್ತು ನೀನ್ ಓದು. ಬೂಟಿಂದು ಮಾತ್ರ."

ಇಳಿಬಿಸಿಲಿಗೆ ಒದ್ದೆ ಮಣ್ಣಿನ ಮೇಲಿನ ಒಂದೊಂದು ಅಚ್ಚೂ ನೆರಳು ಹಿಡಿದು ಎದ್ದು ಕಾಣುತ್ತಿತ್ತು. ಬರಿಗಾಲುಗಳ ನಡುವೆ ಬೂಟಿನ ಗೀರುಗಳನ್ನು ಹುಡುಕುವುದು ಕಷ್ಟವಾಗಲಿಲ್ಲ. ಕೆಂಪರಾಜು ಗೆರೆಯ ಹೊರಗಿನಿಂದಲೇ ಬಗ್ಗಿ ನೋಡುತ್ತಾ ಹೇಳುತ್ತಾ ಹೋದ. ಹದಿನೆಂಟು ವರ್ಷದ ಅನುಭವ, ಅವನಿಗೆ ಇದು ನೀರು ಕುಡಿದಷ್ಟು ಸಲೀಸು.

"ಬಲಗಡೆ ತುಂಬ ತುಳಿದಿದ್ದಾನೆ. ಎಡಗಡೆ ಮಣ್ಣು ಹಾಗೇ ಇದೆ, ಮಕ್ಕಳು ಗುಡಿಸಿದ ಪೊರಕೆ ಗೆರೆ ಕೂಡ ಅಳಿಸಿಲ್ಲ."

"ಹೂಂ."

"ಹಾರೋವಾಗ ಬಲಗಾಲಿನ ಮೇಲೇ ಭಾರ. ಅವನು ಕಾಯಬೇಕಾದ ರಿಂಗಿನ ಕಡೆ ಅಚ್ಚೇ ಕಮ್ಮಿ, ಅಂದ್ರೆ ಹಿಂದಕ್ಕೆ ಓಡಿ ಬಂದಿಲ್ಲ."

"ಹೂಂ."

"ಇಷ್ಟೇ ಮೇಷ್ಟ್ರೇ. ನಾನು ಬರೆದಿರೋದೇ ನೆಲದ ಮೇಲೂ ಇದೆ."

"ಓದದೆ ಬಿಟ್ಟಿದ್ದು?"

"ಏನೂ ಬಿಟ್ಟಿಲ್ಲ."

ಮೇಷ್ಟ್ರು ಕೈ ಚಾಚಿ ನೆಲ ತಡವಿದರು. ಬೆರಳು ಒಂದು ಕಡೆ ನಿಂತಿತು. ಅಲ್ಲಿ ಬೂಟಿನ ಹಿಮ್ಮಡಿ ಮಣ್ಣನ್ನು ಕೊರೆದು ಅರ್ಧ ಚಂದ್ರದ ಹಾಗೆ ಒಂದು ಗುಂಡಿ ಮಾಡಿತ್ತು.

"ಇದು?"

"ಅದೇನಿಲ್ಲ ಮೇಷ್ಟ್ರೇ. ನಿಂತಲ್ಲೇ ತಿರುಗಿರೋದು. ಆಟಕ್ಕೆ ಸೇರಿದ್ದಲ್ಲ."

"ಇಂಥವು ಇನ್ನೂ ಅವ?"

ಕೆಂಪರಾಜು ನೋಡಿದ. ಇದ್ದವು. ರಿಂಗಿನ ಕೆಳಗೆ ಒಂದು. ಚೆಂಡು ಕಳೆದುಕೊಂಡ ಕಡೆ ಒಂದು. ಪಾಸು ಹೊಳೆಗೆ ಬಿದ್ದ ಜಾಗದಲ್ಲಿ ಒಂದು, ಪಕ್ಕದಲ್ಲೇ ಇನ್ನೊಂದು. ಒಂಬತ್ತರವರೆಗೆ ಎಣಿಸಿ ನಿಲ್ಲಿಸಿದ.

"ಮುಂಗಾಲು ಯಾವ್ ಕಡೆಗದೆ?"

ಅವನು ಒಂದೊಂದನ್ನೇ ನೋಡಿದ. ರಿಂಗಿನ ಕಡೆ ಇರಲಿಲ್ಲ. ಜೊತೆಯವರ ಕಡೆಯೂ ಇರಲಿಲ್ಲ. ಎಲ್ಲಿ ತಿರುಗಿದ್ದರೂ ಬೂಟಿನ ತುದಿ ಹೊಂಗೆಮರದ ಕಡೆಗೇ ಇತ್ತು.

"ಬೆಂಚಿನ ಕಡೆ," ಅಂದ.

"ಬೆಂಚಿನ ಮ್ಯಾಲೆ ಯಾರಿದ್ರು?"

ಕೆಂಪರಾಜು ಖಾಲಿ ಬೆಂಚಿನ ಕಡೆ ತಿರುಗಿ ನೋಡಿದ.

"ನಾನು."

ಮೇಷ್ಟ್ರು ಕೈಗೆ ಮೆತ್ತಿದ ಮಣ್ಣನ್ನು ಪಂಚೆಗೆ ಒರೆಸಿಕೊಂಡು, ಕೋಲು ಹುಡುಕಿಕೊಂಡು ಎದ್ದರು.

"ಕಾಳುಸಾರು ಅದೆ. ಬಾ, ಆ ಹೈದನ್ನೂ ಕರಿ."

ಊಟದಲ್ಲಿ ಲೋಹಿತ ಮೂರು ಮುದ್ದೆ ಉಂಡ. ಕೆಂಪರಾಜುವಿಗೆ ಅರ್ಧ ಇಳಿಯುವುದೇ ಕಷ್ಟವಾಯಿತು. ಅವನಿಗೆ ನಾಚಿಕೆಯಾಗಿತ್ತು. ಅದಕ್ಕಿಂತ ಹೆಚ್ಚಾಗಿ ದಣಿವಾಗಿತ್ತು. ಇಷ್ಟು ವರ್ಷ ಎಷ್ಟು ಮಕ್ಕಳು ಹೀಗೆ ತಿರುಗಿ ನೋಡಿದ್ದವೋ, ತಾನು ತಲೆ ಬಗ್ಗಿಸಿಕೊಂಡು ಏನು ಗೀಚುತ್ತಿದ್ದೆನೋ ಅಂತ ಲೆಕ್ಕ ಹಾಕಲು ಹೋಗಿ ಬಿಟ್ಟುಬಿಟ್ಟ.

ಬೆಳಗ್ಗೆ ಎದ್ದು ನೋಡಿದರೆ ನೋಟ್‌ಬುಕ್ಕು ಕಾಣಲಿಲ್ಲ.

"ಮೇಷ್ಟ್ರೇ, ನನ್ನ ಬುಕ್ಕು?"

"ಗುಡಾಣದ ಮ್ಯಾಲದೆ ನೋಡು."

ಕುಡಿಯುವ ನೀರಿನ ಗುಡಾಣದ ಬಾಯಿಗೆ ನೋಟ್‌ಬುಕ್ಕನ್ನು ಕವುಚಿ ಇಟ್ಟಿದ್ದರು. ಅದರ ಮೇಲೆ ಒಂದು ಲೋಟ.

"ಮುಚ್ಚಳ ಒಡ್ದೋಗಿತ್ತು," ಅಂದರು ಮೇಷ್ಟ್ರು. "ಅಳತೆ ಸರ್ಯಾಗದೆ."

"ನೆನೆದು ಹೋಗುತ್ತೆ ಮೇಷ್ಟ್ರೇ."

"ನೀರಿಗೆ ಕಸ ಬೀಳದಂಗದಲ್ಲ, ಅಷ್ಟು ಸಾಕು. ಹೋಗಿ ನೀರ್ ಹೊರು. ಇವತ್ತು ಕೋರ್ಟಿಗೆ ನೀರಾಕೋ ಪಾಳಿ ನಿಮ್ಮಿಬ್ರುದು."

ಕೋಚಾದವನು ಕೊಡ ಹೊತ್ತು ಇಪ್ಪತ್ತಾರು ವರ್ಷವಾಗಿತ್ತು. ಪ್ಯಾಂಟು ಮಡಚಿಕೊಂಡು ಇಳಿದ. ಲೋಹಿತ ಎರಡೆರಡು ಕೊಡ ತರುತ್ತಿದ್ದ, ಇವನು ಒಂದಕ್ಕೇ ಏದುಸಿರು ಬಿಡುತ್ತಿದ್ದ. ನಾಲ್ಕನೇ ಕೊಡದ ಹೊತ್ತಿಗೆ ಇಬ್ಬರೂ ಹೊಳೆಯ ಮೆಟ್ಟಿಲ ಮೇಲೆ ಕೂತರು.

"ಸಾ, ಒಂದು ಕೇಳ್ಲಾ?"

"ಕೇಳು."

"ನಮ್ಮವ್ವಂಗೆ ಏನ್ ಹೇಳ್ಬೇಕು ಅಂತ ಈಗ್ಲೇ ತಿಳ್ಕಂಡ್ರೆ ವಾಸಿ. ಗೋಡೆ ಮ್ಯಾಲಿರೋ ಪೇಪರ್ ನೋಡ್ಕಂಡು ಕುಂತವ್ಳೆ. ರಿಪೋರ್ಟಲ್ಲಿ ಏನ್ ಬರ್ದಿದ್ದೀರ?"

ಕೆಂಪರಾಜು ಬೇರೆ ಪ್ರಶ್ನೆ ಕೇಳಿದ. "ಹೋದ ವರ್ಷ ಹಂಗೆ ಆಡಿದವನು ಈ ವರ್ಷ ಏನಾಯ್ತೋ ನಿಂಗೆ?"

ಹುಡುಗ ನೀರಿನೊಳಗೆ ಕಾಲಾಡಿಸಿದ.

"ಎಡಗಡೆ ಬರಲ್ಲ ಸಾ. ಅದು ನಿಜ. ಹೋದ್ ವರ್ಸಾನೂ ಬತ್ತಿರ್ಲಿಲ್ಲ."

"ಮತ್ತೆ?"

"ಹೋದ್ ವರ್ಸ ನನ್ ಆಟಕ್ಕೆ ನೀವು ಬುಕ್ಕು ತೆಗೀತಿರ್ಲಿಲ್ಲ. ನೀವು ಗೆರೆ ಮ್ಯಾಲೆ ನಿಂತ್ಕಂಡು ಕೂಗ್ತಿದ್ರಿ. ಬಯ್ತಿದ್ರಿ. ಒಂದ್ಸಲ ಚಪ್ಲಿ ಎಸ್ದಿದ್ರಿ ಸಾ, ನೆನಪದಾ?" ಹುಡುಗ ನಕ್ಕ. ಆಮೇಲೆ ನಗು ನಿಲ್ಲಿಸಿದ. "ಈ ವರ್ಸ ನಾನ್ ಏನಾರ ತಪ್ಪು ಮಾಡಿದ್ ತಕ್ಷಣ ನೀವು ತಲೆ ಬಗ್ಗುಸ್ತೀರ. ಆಗ ನಂಗೆ ಕೈಕಾಲೇ ಬರಾಕಿಲ್ಲ."

ಕೆಂಪರಾಜು ಹೊಳೆಯನ್ನು ನೋಡುತ್ತಾ ಕೂತ. ಇದನ್ನೇ, ಇದೇ ಮೆಟ್ಟಿಲ ಮೇಲೆ, ಇಪ್ಪತ್ತಾರು ವರ್ಷದ ಹಿಂದೆ ತಾನು ಯಾರಿಗಾದರೂ ಹೇಳಬೇಕು ಅಂದುಕೊಂಡಿದ್ದ. ಹೇಳುವ ಧೈರ್ಯ ಇರಲಿಲ್ಲ, ಟ್ರಂಕು ಎತ್ತಿದ್ದ. ಈ ಹುಡುಗ ತನಗಿಂತ ಗಟ್ಟಿಗ ಅನ್ನಿಸಿತು. ಅದು ನಾಲ್ಕು ಬಲಗಳ ಕಾಲಮ್ಮಿನಲ್ಲಿ ಎಲ್ಲೂ ಇರಲಿಲ್ಲ.

"ಏಳು, ನೀರು ಸಾಲದು," ಅಂದ.

ಆಟಕ್ಕೆ ನಿಲ್ಲುವಾಗ ಐದೇ ಜನ ಇದ್ದರು.

"ಒಬ್ರು ಕಮ್ಮಿ ಅವ್ರೆ," ಮೇಷ್ಟ್ರು ಜಗಲಿಯಿಂದ ಹೇಳಿದರು. "ಕೆಂಪ, ನೀನ್ ಇಳಿ."

"ನಾನಾ? ಮಂಡಿ ಹೋಗಿದೆ ಮೇಷ್ಟ್ರೇ. ಆಟ ಬಿಟ್ಟು ಎಷ್ಟು ಕಾಲ ಆಯ್ತು."

"ನನ್ ಕಣ್ಣೂ ಹೋಗದೆ. ಕೂತಿಲ್ವಾ ಆಟಕ್ಕೆ?"

ಕೆಂಪರಾಜು ಚಪ್ಪಲಿ ಬಿಟ್ಟು ಇಳಿದ. ಒದ್ದೆ ಮಣ್ಣು ಅಂಗಾಲಿಗೆ ತಣ್ಣಗೆ ತಾಕಿತು. ಈ ತಂಪು ತಾಕಿ ಎಷ್ಟೋ ವರ್ಷವಾಗಿತ್ತು. ಲೋಹಿತನ ಎದುರು ಕಡೆ ನಿಂತ.

ಕೋಚನ್ನು ಕಂಡು ಹುಡುಗ ಹಿಂಜರಿದ.

"ಏನೋ ನೋಡ್ತೀಯ? ಬಾ," ಅಂದ ಕೆಂಪರಾಜು.

ಲೋಹಿತ ಬಲಗಡೆ ಬಂದ. ಅದು ಕೆಂಪರಾಜುವಿಗೆ ಗೊತ್ತಿದ್ದದ್ದೇ, ಮೊದಲೇ ಅಡ್ಡ ನಿಂತಿದ್ದ. ಚೆಂಡು ಕಿತ್ತುಕೊಂಡ.

"ಆ ಕಡೆ ನಾನು ನಿನ್ನ ಬಿಡಲ್ಲ ಕಣೋ. ಸಾಯೋವರೆಗೂ ಬಿಡಲ್ಲ. ಈ ಕಡೆ ಬಾ."

ಎಡಗಡೆ ಬಂದ. ಚೆಂಡು ಕಾಲಿಗೆ ಬಡಿದು ಹೊರಗೆ ಹೋಯಿತು. ಮತ್ತೆ ಬಂದ. ಕೈ ಜಾರಿತು. ಮೂರನೇ ಸಲ ಕಾಲಿಗೆ ಕಾಲು ತೊಡರಿ ಬೋರಲು ಬಿದ್ದ. ಕೆಂಪರಾಜು ನಕ್ಕ, ಎದುರಿಗೆ ನಿಂತು ನಕ್ಕ, ಕೈ ಕೊಟ್ಟು ಎಬ್ಬಿಸಿದ.

"ಕೈ ನೋಡ್ಬೇಡ. ನನ್ನ ಮುಖ ನೋಡು. ನಾನೆಲ್ಲೂ ಹೋಗಲ್ಲ."

ಆರನೇ ಸಲವೋ ಏಳನೇ ಸಲವೋ ಹುಡುಗ ಎಡಗಡೆಯಿಂದ ಅವನನ್ನು ದಾಟಿದ. ಚೆಂಡು ರಿಂಗಿನ ಅಂಚಿನ ಮೇಲೆ ಒಂದು ಸುತ್ತು ಸುತ್ತಿ ಹೊರಗೆ ಬಿತ್ತು. ಒಳಗೆ ಬೀಳಲಿಲ್ಲವಲ್ಲ ಅಂತ ಹುಡುಗನಿಗಿಂತ ಹೆಚ್ಚಾಗಿ ಕೆಂಪರಾಜು ತಲೆ ಚಚ್ಚಿಕೊಂಡ. ಆಮೇಲೆ ಅವನಿಗೆ ನಿಲ್ಲಲು ಆಗಲಿಲ್ಲ. ಮಂಡಿ ಹಿಡಿದುಕೊಂಡು ಗೆರೆಯ ಹೊರಗೆ ಕುಸಿದು ಕೂತ.

ಮೇಷ್ಟ್ರು ಕೋಲೂರಿಕೊಂಡು ಬಂದರು.

"ಓದು."

ಉಸಿರು ಹಿಡಿದು ಹಿಡಿದು ಕೆಂಪರಾಜು ಓದಿದ.

"ಎಡಗಡೆ ತುಳಿದಿದ್ದಾನೆ ಮೇಷ್ಟ್ರೇ. ಎಡವಿದ್ದಾನೆ. ಒಂದು ಕಡೆ ಪೂರಾ ಬಿದ್ದಿದ್ದಾನೆ, ಎರಡೂ ಕೈ ಮೂಡಿದೆ. ಹಿಂದಕ್ಕೆ ಬರೋದು ಇನ್ನೂ ನಿಧಾನವೇ."

"ಬೆಂಚಿನ ಕಡೆ ಎಷ್ಟು?"

"ಒಂದೂ ಇಲ್ಲ."

"ಯಾಕ್ಲಾ?"

"ಬೆಂಚಿನ ಮೇಲೆ ಯಾರೂ ಇರಲಿಲ್ಲ."

"ಬೂಟಿನ ಪಕ್ಕ ಪಕ್ಕಕ್ಕೇ ಯಾವ್ದೋ ಬರಿಗಾಲದೆಯಲ್ಲ." ಮೇಷ್ಟ್ರು ಬೆರಳಾಡಿಸಿ ನೋಡುತ್ತಿದ್ದರು. "ಹಳೇ ಕಾಲು. ಬಲಗಡೆಗೇ ವಾಲ್ತದೆ. ಇದ್ಕೂ ಎಡಗಡೆ ಬರಾಕಿಲ್ಲ."

"ಯಾವತ್ತೂ ಬರಲಿಲ್ಲ ಮೇಷ್ಟ್ರೇ," ಅಂದ ಕೆಂಪರಾಜು.

ಬಿಸಿಲೇರುವ ಮುಂಚೆ ಹೊರಡಬೇಕಿತ್ತು. ಕೆಂಪರಾಜು ಗುಡಾಣದ ಮೇಲಿಂದ ನೋಟ್‌ಬುಕ್ಕು ತೆಗೆದ. ನಡುವಿನ ಹಾಳೆಗಳೆಲ್ಲ ನೆನೆದು ಇಪ್ಪತ್ತಾರು ದೌರ್ಬಲ್ಯಗಳೂ ನಾಲ್ಕು ಬಲಗಳೂ ಒಂದಕ್ಕೊಂದು ಹರಡಿಕೊಂಡಿದ್ದವು. ಕೊನೆಯ ಒಣ ಹಾಳೆ ಹರಿದು, ಮಂಡಿಯ ಮೇಲಿಟ್ಟುಕೊಂಡು, ಗೆರೆ ಎಳೆಯದೆ ಬರೆದ. ಬರೆದದ್ದನ್ನು ಮೇಷ್ಟ್ರಿಗೆ ಓದಿ ಹೇಳಿದ.

"ಹುಡುಗನಿಗೆ ಎಡಗಡೆಯಿಂದ ಆಡಲು ಬರುವುದಿಲ್ಲ. ಹಿಂದಕ್ಕೆ ಓಡಿ ಬರುವುದು ನಿಧಾನ. ಇವೆರಡನ್ನೂ ಕಲಿಸಬೇಕಾದವನು ನಾನು, ಕಲಿಸಿಲ್ಲ. ಬಿದ್ದರೆ ಏಳುತ್ತಾನೆ, ಕೇಳಿದರೆ ನಿಜ ಹೇಳುತ್ತಾನೆ. ಮೂರನೇ ವರ್ಷ ಇವನನ್ನು ಇಟ್ಟುಕೊಳ್ಳಬೇಕು. ಆಗಲೂ ಆಟ ಬರದಿದ್ದರೆ ನನ್ನನ್ನು ಕೇಳಬೇಕು."

"ಹೂಂ," ಅಂದರು ಮೇಷ್ಟ್ರು. ಅಷ್ಟೇ.

ತೆಪ್ಪದವನು ಆಚೆ ದಡದಿಂದ ಹೊರಟಿದ್ದ. ಮೇಷ್ಟ್ರು ಮೆಟ್ಟಿಲವರೆಗೂ ಬಂದರು, ಕೆಂಪರಾಜುವಿನ ಭುಜ ಹಿಡಿದುಕೊಂಡು. ಲೋಹಿತ ಆಗಲೇ ನೀರಿನ ಹತ್ತಿರ ಇಳಿದು ಒಂದು ಕಲ್ಲನ್ನು ಎಡಗೈಯಿಂದ ಎಸೆದು ನೋಡುತ್ತಿದ್ದ. ಅದು ಅಲ್ಲೇ ಬಿತ್ತು. ಇನ್ನೊಂದು ಎತ್ತಿಕೊಂಡ.

ಕೆಂಪರಾಜುವಿಗೆ ಈಗ ಕೇಳದಿದ್ದರೆ ಇನ್ನು ಯಾವತ್ತೂ ಕೇಳಲಾರೆ ಅನ್ನಿಸಿತು. ಭುಜದ ಮೇಲಿದ್ದ ಮೇಷ್ಟ್ರ ಕೈ ಹಗುರವಾಗಿತ್ತು.

"ಮೇಷ್ಟ್ರೇ, ನನ್ನ ಎರಡನೇ ವರ್ಷ ಆ ಬೆಂಚಿನ ಮೇಲೆ ಕೂತು ಬರೀತಿದ್ರಲ್ಲ."

"ಹೂಂ."

"ನನ್ನ ಬಗ್ಗೆ ಏನು ಬರೆದಿದ್ರಿ?"

ತೆಪ್ಪದ ಹುಟ್ಟು ನೀರಿಗೆ ಬೀಳುವ ಸದ್ದು ಕೇಳುತ್ತಿತ್ತು. ಮೇಷ್ಟ್ರು ಆ ಸದ್ದಿನ ಕಡೆಗೆ ಮುಖ ತಿರುಗಿಸಿಕೊಂಡು ನಿಂತಿದ್ದರು. ಪೊರೆ ಮುಚ್ಚಿದ ಕಣ್ಣಲ್ಲಿ ನೀರು ಬಂದಿತ್ತು, ಒರೆಸಿಕೊಳ್ಳಲಿಲ್ಲ.

"ಏಳು ಹಾಳೆ ಬರ್ದಿದ್ದೆ ಕಣ್ಲಾ ಕೆಂಪ," ಅಂದರು. "ಬರ್ದು ಮುಗ್ಸಿ ತಲೆ ಎತ್ತಿ ನೋಡೋ ಹೊತ್ಗೆ ನಿನ್ ತೆಪ್ಪ ಆ ದಡ ಸೇರಿತ್ತು."